ರಾಗಿ ತಿಂದ ಮೈ

ಮಗಳೇ, ಮೊನ್ನೆ ರಾತ್ರಿ ಹತ್ತೂವರೆಗೆ ನೀನು ಫೋನ್ ಮಾಡಿದಾಗ ನಾನು ಸೊಳ್ಳೆಪರದೆ ಕಟ್ಟುತ್ತಿದ್ದೆ. ಅಷ್ಟು ಹೊತ್ತಿನಲ್ಲಿ ಫೋನ್ ಬಂದರೆ ನಮ್ಮ ವಯಸ್ಸಿನವರ ಎದೆ ಧಸಕ್ಕೆನ್ನುತ್ತದೆ. ಯಾರೋ ಹೋದರು ಅಂದುಕೊಂಡೇ ಎತ್ತುತ್ತೇವೆ. ನೋಡಿದರೆ ನಿನ್ನ ಹಿಮ್ಮಡಿಯ ಸುದ್ದಿ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಉಚಿತ ಮೂಳೆ ತಪಾಸಣೆ ಶಿಬಿರವಂತೆ. ಹಿಮ್ಮಡಿಗೆ ಜೆಲ್ ಹಚ್ಚಿ, ಒಂದು ಪೆಟ್ಟಿಗೆಯೊಳಗೆ ಕಾಲಿಡಿಸಿ, ಎರಡು ನಿಮಿಷದಲ್ಲಿ ಚೀಟಿ ಕೈಗೆ ಕೊಟ್ಟರಂತೆ. ಚೀಟಿಯಲ್ಲಿ ಮೈನಸ್ 1.8, ಪಕ್ಕದಲ್ಲಿ ಹಳದಿ ಪಟ್ಟಿ. ನಿನಗಿನ್ನೂ ಮೂವತ್ತಾರು. "ದೊಡ್ಡಮ್ಮ, ಅಜ್ಜಿ ಕಾಲದಲ್ಲಿ ಇದೆಲ್ಲ ಇರಲೇ ಇಲ್ಲ ಅಲ್ವಾ? ನಾನೂ ಊರಲ್ಲೇ ಮುದ್ದೆ ಉಂಡ್ಕೊಂಡು ಇದ್ದಿದ್ರೆ ಹಿಂಗಾಗ್ತಿರ್ಲಿಲ್ಲ" ಅಂದೆ.

ನಿದ್ದೆಗಣ್ಣಿನಲ್ಲಿ "ಹೂಂ, ನಾಳೆ ಮಾತಾಡೋಣ" ಅಂದುಬಿಟ್ಟೆ. ಆ ನಾಳೆ ಎಂಟು ದಿನ ದಾಟಿತು. ಫೋನಿನಲ್ಲಿ ಮುಗಿಯುವ ಮಾತಲ್ಲ ಅಂತ ಈಗ ಬರೆಯಲು ಕೂತಿದ್ದೇನೆ. ಪಾವಗಡ ತಾಲ್ಲೂಕಿನ ಹಳ್ಳಿಗಳಲ್ಲಿ 31 ವರ್ಷ ನರ್ಸಮ್ಮ ಅನ್ನಿಸಿಕೊಂಡು ಓಡಾಡಿದವಳು ನಾನು. ಡಾಕ್ಟರಲ್ಲ. ಆದರೆ ಹೆಂಗಸರ ಸೊಂಟ, ಬೆನ್ನು, ಮಂಡಿಗಳ ಗೋಳನ್ನು ನನ್ನಷ್ಟು ಕೇಳಿದವರು ಈ ಸೀಮೆಯಲ್ಲಿ ಕಡಿಮೆ.

ಮೊದಲು ನಿನ್ನ ಹಿಮ್ಮಡಿ. ಆ ಚೀಟಿಯನ್ನು ಮಡಚಿ ಎಲ್ಲಾದರೂ ಇಟ್ಟು ಮರೆತುಬಿಡು. ಮೂಳೆ ಸವೆತವನ್ನು ಅಳೆಯುವ ಗೆರೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಎಳೆಯಿತು: ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಅದು ಮುಟ್ಟು ನಿಂತ ಹೆಂಗಸರಿಗೆ, ಸೊಂಟ ಮತ್ತು ಬೆನ್ನುಮೂಳೆಯನ್ನು ಡೆಕ್ಸಾ ಯಂತ್ರದಲ್ಲಿ ನೋಡಿದಾಗ ಹೇಳುವ ಲೆಕ್ಕ. ಹಿಮ್ಮಡಿಯ ಪೆಟ್ಟಿಗೆ ಬೇರೆ, ಅದರ ಲೆಕ್ಕವೂ ಬೇರೆ. ಮುಟ್ಟು ನಡೆಯುತ್ತಿರುವ ನಿನ್ನಂಥವಳನ್ನು ಅದೇ ವಯಸ್ಸಿನವರ ಜೊತೆ ಹೋಲಿಸಬೇಕೇ ಹೊರತು ಇಪ್ಪತ್ತು ಮೂವತ್ತರ ಬಿಳಿಯ ಹುಡುಗಿಯ ಜೊತೆ ಅಲ್ಲ. 2010ರಲ್ಲಿ ಐಸಿಎಂಆರ್ ನಮ್ಮವರದೇ ಅಳತೆಯ ಪಟ್ಟಿಯೊಂದನ್ನು ತಂದಿತು. ಆದರೂ ಎಷ್ಟೋ ಯಂತ್ರಗಳ ಹೊಟ್ಟೆಯೊಳಗೆ ಇನ್ನೂ ಆ ಬಿಳಿ ಹುಡುಗಿಯೇ ಕೂತಿದ್ದಾಳೆ. ನಮ್ಮದು ಸಣ್ಣ ಮೈ, ಸಣ್ಣ ಎಲುಬು. ಸಣ್ಣ ಎಲುಬನ್ನು ಆ ಯಂತ್ರ ತೆಳುವಾದ ಎಲುಬು ಎಂದೇ ಓದುತ್ತದೆ. ಇನ್ನು ಶಿಬಿರದ ಮೇಜಿನ ಇನ್ನೊಂದು ತುದಿಯಲ್ಲಿ ಯಾರೋ ಪುಡಿಡಬ್ಬಿ ಮಾರುತ್ತಿದ್ದರು ಅಂದೆಯಲ್ಲ, ಆ ಮೇಲೆ ನಾನು ಹೇಳುವುದೇನಿದೆ!

ನನಗೆ ಚಿಂತೆ ನಿನ್ನ ಹಿಮ್ಮಡಿಯದಲ್ಲ ಕಣೇ. ನಿಮ್ಮಮ್ಮನ ಮಣಿಕಟ್ಟಿನದು.

ಉಗಾದಿ ಹಿಂದಿನ ದಿನ ಕೊಟ್ಟಿಗೆಯಲ್ಲಿ ಜಾರಿ ಅಂಗೈ ಊರಿ ಬಿದ್ದಳಲ್ಲ. ನೀನು ಬಂದು ಎಕ್ಸ್‌ರೇ ತೆಗೆಸೋಣ ಅಂದೆ, ಅವಳು ನಾಟಿ ಕಟ್ಟು ಹಾಕಿಸಿಕೊಂಡು ಬಂದಳು. "ನಂದು ರಾಗಿ ತಿಂದ ಮೈ ಕಣಕ್ಕ, ಈಗಿನ ಹುಡುಗೀರ ತರ ಸೀಮೆಸುಣ್ಣದ ಮೂಳೆ ಅಲ್ಲ" ಅಂತ ನನಗೇ ಪಾಠ ಹೇಳಿದಳು. ನಿಂತ ಎತ್ತರದಿಂದ ಬಿದ್ದು, ಐವತ್ತು ದಾಟಿದ ಹೆಂಗಸಿನ ಮಣಿಕಟ್ಟು ಮುರಿದರೆ ಅದು ಬರೀ ಅಪಘಾತವಲ್ಲ, ಮೂಳೆ ಕಳಿಸಿದ ಮೊದಲ ಓಲೆ. ಅದನ್ನು ಓದದೆ ಬಿಟ್ಟರೆ ಎರಡನೆಯದು ಬೆನ್ನಿನಿಂದ ಬರುತ್ತದೆ, ಮೂರನೆಯದು ಸೊಂಟದಿಂದ.

ನೀನೂ ನಿಮ್ಮಮ್ಮನೂ ಹೇಳುವುದು ಒಂದೇ ಮಾತು ನೋಡು. ನೀನು ಪಟ್ಟಣಕ್ಕೆ ಹೋಗಿ ಕೆಟ್ಟೆ ಅಂತ ಹೆದರುತ್ತೀಯ. ಅವಳು ಹಳ್ಳಿಯಲ್ಲಿ ಉಳಿದು ಗಟ್ಟಿಯಾದೆ ಅಂತ ಹೆಮ್ಮೆಪಡುತ್ತಾಳೆ. ಇಬ್ಬರೂ ಅಜ್ಜಿಯ ಹೆಸರು ಹೇಳುತ್ತೀರಿ. ಹಾಗಾಗಿ ನಿಮ್ಮಜ್ಜಿಯ, ಅಂದರೆ ನಮ್ಮವ್ವನ ಕಥೆಯನ್ನು ಸರಿಯಾಗಿ ಹೇಳಿಬಿಡುತ್ತೇನೆ.

ಅವ್ವ ಕೋಳಿ ಕೂಗುವ ಮೊದಲೇ ಏಳುತ್ತಿದ್ದಳು. ಬೀಸೋಕಲ್ಲಿನ ಗೂಟ ಹಿಡಿದು ಎರಡು ಸೇರು ರಾಗಿ ಬೀಸಿ, ಸೇದೋಬಾವಿಯಿಂದ ತಲೆಯ ಮೇಲೊಂದು ಕಂಕುಳಲ್ಲೊಂದು ಕೊಡ ನೀರು ತಂದು, ಆಮೇಲೆ ಕಡಲೆಕಾಯಿ ಹೊಲದಲ್ಲಿ ಕಳೆ. ಏಳು ಹೆತ್ತಳು, ಐದು ಉಳಿದೆವು. ಅವಳ ತೋಳು ನೋಡಿದವರು ಯಾರೂ ಮೂಳೆ ಸವೆತದ ಮಾತಾಡುತ್ತಿರಲಿಲ್ಲ. ಅದೂ ಸುಳ್ಳಲ್ಲ. ಕೇಂಬ್ರಿಜ್‌ನವರು 2017ರಲ್ಲಿ ಒಂದು ಚೆಂದದ ಕೆಲಸ ಮಾಡಿದರು. ಮಧ್ಯ ಯುರೋಪಿನಲ್ಲಿ ಏಳು ಸಾವಿರ ವರ್ಷಗಳ ಹಿಂದೆ ಬೇಸಾಯ ಮಾಡಿಕೊಂಡಿದ್ದ ಹೆಂಗಸರ ತೋಳಿನ ಎಲುಬನ್ನು ತಮ್ಮದೇ ಊರಿನ ದೋಣಿ ಪಂದ್ಯದ ಹುಡುಗಿಯರ ತೋಳಿನ ಎಲುಬಿಗೆ ಹೋಲಿಸಿದರು. ವಾರಕ್ಕೆ ಎಷ್ಟೋ ಗಂಟೆ ಹುಟ್ಟು ಹಾಕುವ ಆ ಹುಡುಗಿಯರಿಗಿಂತ ಆ ಪುರಾತನ ರೈತ ಹೆಂಗಸರ ತೋಳೇ ಬಲ. ದಿನವೂ ಗಂಟೆಗಟ್ಟಲೆ ಕಲ್ಲಿನ ಮೇಲೆ ಕಾಳು ಅರೆದದ್ದೇ ಕಾರಣವಿರಬೇಕು ಅಂದರು. ಅದನ್ನು ಓದಿದಾಗ ಅವ್ವನ ಬೀಸೋಕಲ್ಲು ಕಣ್ಣಮುಂದೆ ಬಂತು. ಈಗ ಅದು ನಿಮ್ಮ ಮನೆಯ ತುಳಸಿ ಕಟ್ಟೆಯ ಪಕ್ಕ ಹೂಕುಂಡ ಇಡಲು ಆಸರೆಯಾಗಿದೆ.

ಆದರೆ ಅವ್ವನ ತೋಳು ಒಂದು ಕಥೆ, ಬೆನ್ನು ಇನ್ನೊಂದು ಕಥೆ. ಐವತ್ತೈದಕ್ಕೆಲ್ಲ ಅವಳು ಬಾಗಿದ್ದಳು. ನಿನಗೆ ನೆನಪಿರುವ ಅಜ್ಜಿ ಆ ಬಾಗಿದ ಅಜ್ಜಿಯೇ. ನೀವು ಮಕ್ಕಳು ಅವಳ ಹಿಂದೆ ಗೂನು ಹಾಕಿಕೊಂಡು ನಡೆದು ನಗುತ್ತಿದ್ದಿರಿ, ಅವಳೂ ನಗುತ್ತಿದ್ದಳು. ಗೂನು ಅಂದರೆ ವಯಸ್ಸಿನ ಲಕ್ಷಣ ಅಂತಲೇ ಎಲ್ಲರ ಲೆಕ್ಕ. ಬೆನ್ನುಮೂಳೆಯ ಒಂದೊಂದು ಮಣಿಯೂ ಒಳಗೊಳಗೇ ಕುಸಿದು, ಮುಂಭಾಗ ಚಪ್ಪಟೆಯಾಗಿ, ಹೀಗೆ ಬಾಗುತ್ತದೆ ಎನ್ನುವುದು ನರ್ಸಿಂಗ್ ಓದಿದ್ದ ನನಗೂ ಆಗ ಹೊಳೆಯಲಿಲ್ಲ. ಊರವರ ಬಾಣಂತನ ಮಾಡಿಸಿಕೊಂಡು ಓಡಾಡುತ್ತಿದ್ದ ನಾನು ನಮ್ಮವ್ವನ ಬೆನ್ನನ್ನು ಒಂದು ದಿನವೂ ಕೈಯಿಂದ ಸವರಿ ನೋಡಲಿಲ್ಲ. ಅರವತ್ತಮೂರಕ್ಕೆ ಬಚ್ಚಲಲ್ಲಿ ಜಾರಿದಳು. ಎಡಗಾಲು ಗಿಡ್ಡವಾಗಿ ಹೊರಕ್ಕೆ ತಿರುಗಿಕೊಂಡಿತ್ತು. ಅದು ಸೊಂಟದ ಕೀಲು ಮುರಿದ ಗುರುತು. ನಲವತ್ತು ದಿನ ಮಲಗಿದಳು. ಬೆನ್ನಲ್ಲಿ ಹುಣ್ಣಾಯಿತು, ಎದೆಯಲ್ಲಿ ಕಫ ಕಟ್ಟಿತು. ತಿಥಿಯ ದಿನ ಬಂದವರೆಲ್ಲ "ವಯಸ್ಸಾಗಿತ್ತು ಬಿಡಿ" ಅಂದರು.

"ಅಜ್ಜಿ ಕಾಲದಲ್ಲಿ ಇರಲಿಲ್ಲ" ಅಂದೆಯಲ್ಲ. ಇತ್ತಮ್ಮ. ಹೆಸರಿರಲಿಲ್ಲ, ಲೆಕ್ಕವಿರಲಿಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ದೇಶದವರ ಸರಾಸರಿ ಆಯಸ್ಸು ಮೂವತ್ತೆರಡರ ಹತ್ತಿರ. ಮೂಳೆ ಮುರಿಯುವ ವಯಸ್ಸು ಮುಟ್ಟಿದವರೇ ಕಡಿಮೆ, ಮುಟ್ಟಿದವರು ಮುರಿದುಕೊಂಡರೆ ಅದನ್ನು ಬರೆದಿಡುವ ಆಸ್ಪತ್ರೆಯೂ ಇಲ್ಲ.

ಹಾಗಂತ ಹಳ್ಳಿಯ ಬಾಳು ಮೂಳೆಗೆ ಕೆಟ್ಟದ್ದು ಎಂದೂ ಹೇಳಲಾರೆ. ಇಲ್ಲಿ ವಿಷಯ ಸ್ವಲ್ಪ ಜಟಿಲ. ನಿವೃತ್ತಿಯಾದ ಮೇಲೆ ನನಗೆ ಓದುವ ಚಟ ಹತ್ತಿದೆ, ಗೊತ್ತಲ್ಲ. ಆಫ್ರಿಕಾದ ಪಶ್ಚಿಮಕ್ಕೆ ಗ್ಯಾಂಬಿಯಾ ಅಂತ ಒಂದು ಪುಟ್ಟ ದೇಶ. ಅಲ್ಲಿ ಕೆನೆಬಾ ಅಂತ ಒಂದು ಹಳ್ಳಿ. ಬ್ರಿಟಿಷ್ ಸಂಶೋಧಕರು ಎಪ್ಪತ್ತು ವರ್ಷಕ್ಕೂ ಮೀರಿ ಆ ಹಳ್ಳಿಯವರ ಆರೋಗ್ಯವನ್ನು ಬರೆದಿಡುತ್ತಾ ಬಂದಿದ್ದಾರೆ. ಅಲ್ಲಿನ ಹೆಂಗಸರ ದಿನದ ಊಟದಲ್ಲಿ ಕ್ಯಾಲ್ಸಿಯಂ ಮುನ್ನೂರು ನಾನೂರು ಮಿಲಿಗ್ರಾಂ, ಹೆಚ್ಚುಕಡಿಮೆ ನಮ್ಮ ಬಡವರ ಊಟದಷ್ಟೇ. ಬೇಸಾಯ ಮಾಡುತ್ತಾರೆ, ಹೊರೆ ಹೊರುತ್ತಾರೆ, ಹೆರುತ್ತಾರೆ, ವರ್ಷಗಟ್ಟಲೆ ಹಾಲೂಡಿಸುತ್ತಾರೆ. 1996ರಲ್ಲಿ ಅವರ ವಯಸ್ಸಾದ ಹೆಂಗಸರ ಎಲುಬು ಅಳೆದಾಗ ಬ್ರಿಟನ್ನಿನವರಿಗಿಂತ ಖನಿಜ ಕಡಿಮೆಯೇ ಇತ್ತು. ಆದರೆ ಮುರಿದುಕೊಂಡವರು ಅಪರೂಪ.

ಇನ್ನೊಂದು ಕೇಳು. ಪ್ರೊಫೆಸರ್ ಆನ್ ಪ್ರೆಂಟಿಸ್ ಅವರ ತಂಡ ಅದೇ ಕಡೆ ಬಸುರಿಯರಿಗೆ ಐದನೇ ತಿಂಗಳಿಂದ ಹೆರಿಗೆಯವರೆಗೂ ದಿನಕ್ಕೆ 1500 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟು ನೋಡಿತು. ಒಳ್ಳೆಯದಾಗಲಿ ಅಂತಲೇ ಕೊಟ್ಟದ್ದು. ಹೆರಿಗೆಯಾದ ಮೇಲೆ ನೋಡಿದರೆ ಮಾತ್ರೆ ತಿಂದವರ ಸೊಂಟದ ಎಲುಬಿನಲ್ಲಿ ಖನಿಜ ಇನ್ನೂ ಕಡಿಮೆಯಾಗಿತ್ತು! ಕಡಿಮೆ ಕ್ಯಾಲ್ಸಿಯಂಗೆ ಒಗ್ಗಿಕೊಂಡಿದ್ದ ಮೈಯ ಲೆಕ್ಕಾಚಾರವನ್ನು ಮಾತ್ರೆ ಕೆಡಿಸಿತು ಎನ್ನುವುದು ಅವರ ಊಹೆ. ಇದನ್ನು ಓದಿ ನಿನ್ನ ನಾದಿನಿಗೆ ಅಂಗನವಾಡಿಯಲ್ಲಿ ಕೊಟ್ಟ ಕ್ಯಾಲ್ಸಿಯಂ ಮಾತ್ರೆ ಬಿಡಿಸಿಬಿಟ್ಟೀಯ, ಜೋಕೆ. ಬಸುರಿಯರಿಗೆ ಅದನ್ನು ಕೊಡುವುದು ಮುಖ್ಯವಾಗಿ ರಕ್ತದೊತ್ತಡ ಏರಿ ನಂಜಾಗದಿರಲಿ ಅಂತ. ಅದು ಬೇರೆ ಕೆಲಸ, ಆ ಕೆಲಸವನ್ನು ಅದು ಮಾಡುತ್ತದೆ. ನಾನು ಹೇಳಿದ್ದು ಇಷ್ಟೇ: ಮೂಳೆ ಅಂದರೆ ಸುಣ್ಣದ ಡಬ್ಬಿಯಲ್ಲ, ಮೇಲಿನಿಂದ ಸುರಿದಷ್ಟೂ ತುಂಬಿಕೊಳ್ಳಲು.

ಗ್ಯಾಂಬಿಯಾದ ಕಥೆ ಕೇಳಿ ನಿಮ್ಮಮ್ಮ ಬೀಗಿಯಾಳು. ಅವಳಿಗೆ ಬೊಲಿವಿಯಾದ ಕಥೆಯನ್ನೂ ಹೇಳಬೇಕು. ಅಮೆಜಾನ್ ಕಾಡಂಚಿನಲ್ಲಿ ಚಿಮಾನೆ ಅನ್ನುವ ಜನ ಇದ್ದಾರೆ. ಬೇಟೆ, ಮೀನು, ಬಾಳೆ, ಮರಗೆಣಸು. ದಿನಕ್ಕೆ ಹದಿನಾರು ಹದಿನೇಳು ಸಾವಿರ ಹೆಜ್ಜೆ ನಡೆಯುತ್ತಾರೆ. ಲೋಕದಲ್ಲೇ ಅತಿ ಶುಚಿಯಾದ ಹೃದಯದ ರಕ್ತನಾಳ ಇವರದು ಅಂತ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಾಗ ಎಲ್ಲ ಪೇಪರಿನವರೂ ಬರೆದರು. ಎರಡು ವರ್ಷ ಕಳೆದು ಅದೇ ಜನರ ಬೆನ್ನುಮೂಳೆಯನ್ನು ಸಿ.ಟಿ. ಸ್ಕ್ಯಾನಿನಲ್ಲಿ ನೋಡಿದ ವರದಿ ಬಂತು; ಅದನ್ನು ಯಾರೂ ಅಷ್ಟಾಗಿ ಬರೆಯಲಿಲ್ಲ. ಕೂತು ತಿನ್ನುವ ಅಮೆರಿಕದ ಹೆಂಗಸರಿಗಿಂತ ಇವರ ಹೆಂಗಸರ ಬೆನ್ನಿನ ಸಾಂದ್ರತೆ ಕಡಿಮೆ, ಗಂಡಸರಲ್ಲಿ ಅಂಥ ವ್ಯತ್ಯಾಸವಿಲ್ಲ; ಕುಸಿದ ಮಣಿಗಳು ಮಾತ್ರ ಹೆಂಗಸರಲ್ಲೂ ಗಂಡಸರಲ್ಲೂ ಸಾಕಷ್ಟು. ಅವರ ಹೆಂಗಸರು ಸರಾಸರಿ ಒಂಬತ್ತು ಹೆರುತ್ತಾರೆ. ಬೇಗ ಹೆರಲು ಶುರುಮಾಡಿದವರ, ಹೆರಿಗೆಗಳ ನಡುವೆ ಅಂತರ ಕಡಿಮೆಯಿದ್ದವರ ಎಲುಬು ಇನ್ನೂ ತೆಳು. ಜೊತೆಗೆ ಹೊಟ್ಟೆಹುಳ, ಜ್ವರ, ಸೋಂಕುಗಳ ಕಾಟ. ಬಸಿರು ಬಾಣಂತನದಲ್ಲಿ ತಾಯಿಯ ಎಲುಬಿನಿಂದ ಸುಣ್ಣ ಕರಗಿ ಮಗುವಿಗೆ ಹೋಗುತ್ತದೆ. ಹಾಲು ಬಿಡಿಸಿದ ಮೇಲೆ ಮರಳಿ ತುಂಬಿಕೊಳ್ಳುತ್ತದೆ, ನಿಜ. ತುಂಬಿಕೊಳ್ಳಲು ಒಂದಷ್ಟು ಕಾಲ, ಒಂದಷ್ಟು ಊಟ ಬೇಕಲ್ಲ? ಮಡಿಲಲ್ಲೊಂದು ಹೊಟ್ಟೆಯಲ್ಲೊಂದು ಇದ್ದ ನಮ್ಮವ್ವನಿಗೆ ಆ ಬಿಡುವು ಎಲ್ಲಿತ್ತು?

ಊಟದ ಮಾತು ಬಂತು. ರಾಗಿಯನ್ನು ನಾನು ಬಿಟ್ಟುಕೊಡುವವಳಲ್ಲ. ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿ ಹೇಳುತ್ತದೆ. ಪಾಲಿಶ್ ಅಕ್ಕಿಯಲ್ಲಿ ಹತ್ತೂ ಇಲ್ಲ. ಕೈತುಂಬ ಇರುವ ಎರಡು ಮುದ್ದೆ, ಹುರುಳಿಕಾಳಿನ ಬಸ್ಸಾರು, ಸೊಪ್ಪು, ಮೇಲೆ ಒಂದು ಲೋಟ ಮಜ್ಜಿಗೆ ಆದರೆ ದಿನಕ್ಕೆ ಬೇಕಾದ ಸಾವಿರದ ಮುಕ್ಕಾಲು ಪಾಲು ಮುಟ್ಟಿತು. ಇದು ಕಾಗದದ ಮೇಲಿನ ಮಾತು. ಅವ್ವ ಆ ಎರಡು ಮುದ್ದೆ ಉಂಡಳೇ? ಅಪ್ಪ, ಚಿಕ್ಕಪ್ಪ, ಆಳುಗಳು, ನಾವು ಮಕ್ಕಳು ಎಲ್ಲ ಉಂಡೆದ್ದ ಮೇಲೆ ತಪ್ಪಲೆಗೆ ಅಂಟಿದ್ದನ್ನು ಕೆರೆದು ಸಾರಿನ ಗಸಿಯಲ್ಲಿ ಅದ್ದಿಕೊಂಡು ಉಣ್ಣುತ್ತಿದ್ದಳು. ಮಳೆ ಕೈಕೊಟ್ಟ ವರ್ಷ ರಾತ್ರಿಗೆ ಅಂಬಲಿ. ರಾಗಿ ತಿಂದ ಮೈ ಅನ್ನುವುದು ಗಂಡಸರಿಗೆ ಸಲ್ಲುವ ಮಾತೇನೋ ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ನಿಮ್ಮಮ್ಮನ ತಟ್ಟೆಯನ್ನು ಈ ಸಲ ಬಂದಾಗ ಗಮನಿಸಿ ನೋಡು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಅರ್ಧ ಮುದ್ದೆ, ಅದೂ ಮಾಡಿದರೆ ಉಂಟು. ಒಬ್ಬಳಿಗಾಗಿ ಯಾರು ಮುದ್ದೆ ತಿರುವುತ್ತಾರೆ ಅನ್ನುತ್ತಾಳೆ. ಸೊಸೈಟಿ ಅಕ್ಕಿ ಹಸಿವು ನೀಗಿಸಿದೆ, ಅದನ್ನು ನಾನು ಹಳಿಯುವುದಿಲ್ಲ. ಹಸಿದ ಹೊಟ್ಟೆ ಕಂಡವಳು ನಾನು. ಆದರೆ ರಾಗಿ ಬಿಟ್ಟ ಬಾಯಿ ರಾಗಿಯ ಹೆಮ್ಮೆಯನ್ನು ಮಾತ್ರ ಬಿಟ್ಟಿಲ್ಲ. ಎರಡು ಸೀಮೆಹಸು ಕಟ್ಟಿದ್ದಾಳೆ, ಕ್ಯಾನು ತುಂಬ ಹಾಲು ಡೈರಿಗೆ ಹೋಗುತ್ತದೆ. ಮನೆಗೆ ಉಳಿಯುವುದು ಟೀಗೆ ಬೇಕಾದ ಒಂದು ಪಾವು. ನಮ್ಮಿಂದ ಬಹಳ ದೂರವಿಲ್ಲದ ತಿರುಪತಿಯ ಸುತ್ತ ಡಾ. ಹರಿನಾರಾಯಣ್ ಅವರ ತಂಡ ನೋಡಿದಾಗಲೂ ಇದೇ. ಹೊಲದ ಬಿಸಿಲಿನಿಂದಾಗಿ ಹಳ್ಳಿಯವರ ರಕ್ತದಲ್ಲಿ ವಿಟಮಿನ್ ಡಿ ಪೇಟೆಯವರಿಗಿಂತ ಹೆಚ್ಚು, ಆದರೆ ಊಟದಲ್ಲಿ ಕ್ಯಾಲ್ಸಿಯಂ ಪೇಟೆಯವರಿಗಿಂತ ಕಡಿಮೆ. ಹೈದರಾಬಾದಿನಲ್ಲಿ ಡಾ. ವೀಣಾ ಶತ್ರುಘ್ನ ಅವರು 2005ರಲ್ಲಿ ಪ್ರಕಟಿಸಿದ್ದು ಇನ್ನೂ ಕಣ್ಣು ತೆರೆಸುವಂಥದ್ದು: 30ರಿಂದ 60ರ ನಡುವಿನ 289 ಬಡ ಹೆಂಗಸರು, ಎಲ್ಲರೂ ಮೈಮುರಿದು ದುಡಿಯುವವರು. ಅವರಲ್ಲಿ ನೂರಕ್ಕೆ 29 ಮಂದಿಯ ತೊಡೆಮೂಳೆಯ ಕತ್ತು ಸವೆದಿತ್ತು. ಊಟದಲ್ಲಿ ಕ್ಯಾಲ್ಸಿಯಂ ಮುನ್ನೂರು ಮುಟ್ಟಿರಲಿಲ್ಲ. ದುಡಿಮೆ ಮೂಳೆಗೆ ಒಳ್ಳೆಯದು, ಉಂಡು ದುಡಿದರೆ. ಉಣ್ಣದೆ ದುಡಿದರೆ ಮೈ ತನ್ನನ್ನು ತಾನೇ ತಿನ್ನುತ್ತದೆ.

ಈಗ ನೀರು. ಪಾವಗಡದವರಿಗೆ ನೀರಿನ ಕಥೆ ಹೇಳುವುದು ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ, ಆದರೂ ಹೇಳುತ್ತೇನೆ. ನಿನ್ನ ಶಾಲೆಯ ಗುಂಪು ಫೋಟೋ ತೆಗೆದು ನೋಡು, ನಕ್ಕ ಹಲ್ಲುಗಳಲ್ಲಿ ಅರ್ಧಕ್ಕರ್ಧ ಕಂದು ಗೆರೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ನಮ್ಮ ಆಳದ ಬೋರುಗಳು ಅದನ್ನು ಎಂದೋ ಮೀರಿದವು. ಹಲ್ಲಿಗೆ ಬಂದದ್ದು ಎಲುಬಿಗೂ ಬರುತ್ತದೆ. ತಮಾಷೆ ಏನೆಂದರೆ ಫ್ಲೋರೈಡ್ ಕುಡಿದ ಬೆನ್ನುಮೂಳೆ ಎಕ್ಸ್‌ರೇಯಲ್ಲಿ ಅಮೃತಶಿಲೆಯ ಹಾಗೆ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ಸಾಂದ್ರತೆ ಹೆಚ್ಚು, ಬಲ ಕಡಿಮೆ. ಅಮೆರಿಕದಲ್ಲಿ ಇದನ್ನೇ ಔಷಧಿ ಮಾಡಲು ಹೋದರು. ಮುಟ್ಟು ನಿಂತ ಹೆಂಗಸರಿಗೆ ನಾಲ್ಕು ವರ್ಷ ಫ್ಲೋರೈಡ್ ಮಾತ್ರೆ ಕೊಟ್ಟು 1990ರಲ್ಲಿ ಲೆಕ್ಕ ಹಾಕಿದರೆ ಬೆನ್ನಿನ ಸಾಂದ್ರತೆ ನೂರಕ್ಕೆ 35ರಷ್ಟು ಏರಿತ್ತು. ಬೆನ್ನು ಕುಸಿಯುವುದು ಮಾತ್ರ ಕಡಿಮೆಯಾಗಲಿಲ್ಲ, ಕೈಕಾಲು ಮುರಿಯುವುದು ಹೆಚ್ಚಾಯಿತು. ಅಲ್ಲಿಗೆ ಆ ಔಷಧಿಯ ಕಥೆ ಮುಗಿಯಿತು. ನಮ್ಮ ಕಡೆ ಅದನ್ನೇ ಚೀಟಿ ಇಲ್ಲದೆ ಕುಡಿಯುತ್ತಿದ್ದೇವೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದವರಿಗೆ ಫ್ಲೋರೈಡಿನ ಪೆಟ್ಟು ಹೆಚ್ಚು. ಪಕ್ಕದ ಆಂಧ್ರದಲ್ಲಿ ಮಕ್ಕಳ ಮೊಣಕಾಲು ಒಳಕ್ಕೆ ಬಾಗಿ, ಎಲುಬು ಸವೆದದ್ದನ್ನು ಪೋಷಣಾ ಸಂಸ್ಥೆಯವರು 1973ರಲ್ಲೇ ಲ್ಯಾನ್ಸೆಟ್‌ನಲ್ಲಿ ಬರೆದಿದ್ದರು. ಊರಲ್ಲಿ ಶುದ್ಧ ನೀರಿನ ಘಟಕ ಬಂದು ಎಷ್ಟೋ ವರ್ಷವಾಯಿತು. ಐದು ರೂಪಾಯಿಯ ಕಾಯಿನ್ ಹಾಕಿ ಕ್ಯಾನು ಹೊತ್ತು ತರುವುದಕ್ಕೆ ನಿಮ್ಮಮ್ಮನಿಗೆ ಬೇಜಾರು, ತೊಂಬೆ ನಲ್ಲಿಯ ನೀರೇ ರುಚಿಯಂತೆ. ತಿಂಗಳಿಗಿಷ್ಟು ಅಂತ ಕೊಟ್ಟು ಯಾರಾದರೂ ಹುಡುಗನ ಕೈಲಿ ಮನೆಗೆ ನೀರು ಹಾಕಿಸು. ಅಡುಗೆಗೂ ಅದೇ ನೀರು ಇರಲಿ.

ಇನ್ನು ಹೇಳಬೇಕಾದ ಒಂದು ಮಾತನ್ನು ಇಷ್ಟು ಹೊತ್ತು ಮುಂದೂಡಿದೆ. ನೀನು ಏಳನೇ ತರಗತಿಯಲ್ಲಿದ್ದಾಗ ನಿಮ್ಮಮ್ಮನಿಗೆ "ಆಪರೇಷನ್" ಆಯಿತು, ನಿನ್ನನ್ನು ನಮ್ಮ ಮನೆಗೆ ಕಳಿಸಿದ್ದರು, ನೆನಪಿದೆಯಾ? ಬಿಳಿಸೆರಗು ಹೋಗುತ್ತಿತ್ತು, ಕಿಬ್ಬೊಟ್ಟೆ ನೋವು. ಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ "ಬಿಟ್ಟರೆ ಕ್ಯಾನ್ಸರ್ ಆದೀತು" ಅಂದರು. ಮೂರು ವಾರದ ಮಾತ್ರೆಯಲ್ಲಿ ಹೋಗಬಹುದಾಗಿದ್ದ ಸೋಂಕಿಗೆ ಗರ್ಭಕೋಶ ತೆಗೆದರು. ಜೊತೆಗೆ ಎರಡೂ ಅಂಡಾಶಯ ಕೂಡ. ಅವಳಿಗಾಗ ಮೂವತ್ತನಾಲ್ಕು. ಮಕ್ಕಳಾಗಿವೆ, ಇನ್ನು ಆ ಚೀಲ ಯಾಕೆ ಅನ್ನುವ ಮಾತು ಊರಲ್ಲೆಲ್ಲ ಇತ್ತು; ನನ್ನ ಸಬ್‌ಸೆಂಟರಿನ ಪಟ್ಟಿಯಲ್ಲೇ ಹೀಗೆ ತೆಗೆಸಿಕೊಂಡು ಬಂದವರ ಹೆಸರು ಒಂದಲ್ಲ ಎರಡಲ್ಲ. ನಾನು ಅವಳ ಅಕ್ಕ, ಮೇಲಾಗಿ ನರ್ಸು. ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ ಅಂತ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಮೂಳೆಯಲ್ಲಿ ಸುಣ್ಣವನ್ನು ಹಿಡಿದಿಡುವುದು ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೋಜನ್. ನಮ್ಮ ಹೆಂಗಸರಿಗೆ ಸಾಮಾನ್ಯವಾಗಿ ನಲವತ್ತಾರು ನಲವತ್ತೇಳಕ್ಕೆ ಮುಟ್ಟು ನಿಲ್ಲುತ್ತದೆ, ಮುಂದಿನ ಐದಾರು ವರ್ಷ ಮೂಳೆ ಬೇಗಬೇಗ ಕರಗುತ್ತದೆ. ನಿಮ್ಮಮ್ಮನಿಗೆ ಆ ಗಡಿಯಾರ ಹನ್ನೆರಡು ವರ್ಷ ಮೊದಲೇ ಓಡಲು ಶುರುವಾಯಿತು. 2023ರಲ್ಲಿ ಸುಪ್ರೀಂ ಕೋರ್ಟು ಇಂಥ ಅನಗತ್ಯ ಆಪರೇಷನ್‌ಗಳ ಮೇಲೆ ಕಣ್ಣಿಡುವ ನಿಯಮಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕು ಅಂತ ಹೇಳಿತು. ಪೇಪರಿನಲ್ಲಿ ಓದಿ, ಆ ಪುಟವನ್ನು ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡೆ. ಯಾಕೆ ಇಟ್ಟುಕೊಂಡೆನೋ.

ಈಗ ನೀನು ಮಾಡಬೇಕಾದ್ದು. ನಿನ್ನ ವಿಷಯ ಚಿಕ್ಕದು: ಲಿಫ್ಟ್ ಬಿಡು, ಮೆಟ್ಟಿಲು ಹತ್ತು, ವಾರಕ್ಕೆರಡು ಮೂರು ದಿನ ಭಾರ ಎತ್ತು. ಜಿಮ್ಮಿನ ಕಬ್ಬಿಣವೋ ನೀರಿನ ಕ್ಯಾನೋ, ಮೂಳೆಗೆ ಭೇದವಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಕಾಲುಗಂಟೆ ಬಿಸಿಲಿಗೆ ಹೋಗು. ಸಣ್ಣಗಾಗಬೇಕು ಅಂತ ಊಟ ಬಿಡಬೇಡ. ನಿನ್ನ ಮಗಳಿಗೆ ಇಪ್ಪತ್ತೈದರೊಳಗೆ ಕಟ್ಟಿಕೊಳ್ಳುವ ಮೂಳೆಯೇ ಜನ್ಮದ ಬಂಡವಾಳ, ಅವಳನ್ನು ಟ್ಯೂಷನ್ನಿನಿಂದ ಎಬ್ಬಿಸಿ ಒಂದು ಗಂಟೆ ಕುಣಿಯಲು ಬಿಡು. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹಿಟ್ಟು ಮಾಡಿಸಿ ನಾನೇ ಕಳಿಸುತ್ತೇನೆ. ಮೊಳಕೆ ಬಂದ ರಾಗಿಯ ಸುಣ್ಣ ಮೈಗೆ ಚೆನ್ನಾಗಿ ಹತ್ತುತ್ತದೆ. ವಾಟ್ಸಾಪಿನಲ್ಲಿ ಬರುತ್ತದಲ್ಲ, ಎಲೆಗೆ ಹಚ್ಚುವ ಸುಣ್ಣವನ್ನು ನೀರಿಗೆ ಹಾಕಿ ಕುಡಿಯಿರಿ ಅಂತ, ಅದರ ತಂಟೆಗೆ ಹೋಗಬೇಡ.

ನಿಮ್ಮಮ್ಮನದು ದೊಡ್ಡದು. ಗೌರಿ ಹಬ್ಬಕ್ಕೆ ಬಂದಾಗ ತುಮಕೂರಿಗೋ ಬೆಂಗಳೂರಿಗೋ ಕರೆದುಕೊಂಡು ಹೋಗಿ ಡೆಕ್ಸಾ ಮಾಡಿಸಬೇಕು. ಜೊತೆಗೆ ಬೆನ್ನಿನ ಪಕ್ಕದಿಂದ ಒಂದು ಎಕ್ಸ್‌ರೇ, ರಕ್ತದಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ. ಡಾಕ್ಟರಿಗೆ ಮೂರು ಮಾತು ಮರೆಯದೆ ಹೇಳು: ಮೂವತ್ತನಾಲ್ಕಕ್ಕೆ ಅಂಡಾಶಯ ತೆಗೆದದ್ದು, ಮಣಿಕಟ್ಟು ಮುರಿದದ್ದು, ಪಾವಗಡದ ನೀರು ಕುಡಿದದ್ದು. ಮೂರನೆಯದನ್ನು ಹೇಳದಿದ್ದರೆ ಬೆನ್ನಿನ ಅಂಕಿ ಚೆನ್ನಾಗಿ ಬಂದು "ನಿಮ್ಮಮ್ಮನ ಮೂಳೆ ಗಟ್ಟಿಯಿದೆ" ಅಂದು ಕಳಿಸಿಬಿಟ್ಟಾರು. ವಾರಕ್ಕೊಂದು ಮಾತ್ರೆ ಕೊಟ್ಟರೆ ಬರೀ ಹೊಟ್ಟೆಯಲ್ಲಿ ತುಂಬು ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗದೆ, ಏನೂ ತಿನ್ನದೆ ಇರಬೇಕು. ಅದನ್ನು ಅವಳು ಟೀ ಜೊತೆ ನುಂಗದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ.

ಔಷಧಿಗಿಂತ ಮೊದಲು ಬಚ್ಚಲು. ಹಾಸುಗಲ್ಲು ಪಾಚಿಗಟ್ಟಿ ಜಾರುತ್ತದೆ, ಅದನ್ನು ಒರಟು ಮಾಡಿಸಿ ಗೋಡೆಗೆ ಒಂದು ಹಿಡಿಕೆ ಹಾಕಿಸು. ಕೊಟ್ಟಿಗೆಗೆ ಹೋಗುವ ದಾರಿಯಲ್ಲಿ ದೀಪವಿಲ್ಲ, ಹೊಸಿಲ ಪಕ್ಕದ ಗೋಣಿಚೀಲದ ಕಾಲೊರಸು ಮಡಚಿಕೊಂಡಿರುತ್ತದೆ. ಎಡಗಣ್ಣಿಗೆ ಪೊರೆ ಬಂದಿದೆ, ಅದನ್ನು ತೆಗೆಸದೆ ಬೇರೆ ಏನು ಮಾಡಿಸಿದರೂ ವ್ಯರ್ಥ. ಗ್ಯಾಂಬಿಯಾದ ಹೆಂಗಸರ ಮೂಳೆ ತೆಳುವಿದ್ದರೂ ಮುರಿಯಲಿಲ್ಲ ಅಂದೆನಲ್ಲ. ಮೂಳೆ ತಾನಾಗಿ ಮುರಿಯುವುದಕ್ಕಿಂತ ಬಿದ್ದು ಮುರಿಯುವುದೇ ಹೆಚ್ಚು. ಕಾಲಲ್ಲಿ ಕಸುವಿದ್ದು, ನೆಲ ಸರಿಯಿದ್ದು, ಕಣ್ಣು ಕಂಡರೆ ಅರ್ಧ ಗೆದ್ದ ಹಾಗೆ. ಹೊಲದ ಕೆಲಸ ಬಿಡಿಸಬೇಡ. ಬಗ್ಗಿ ಮೂಟೆ ಎತ್ತುವುದನ್ನು ಮಾತ್ರ ಬಿಡಿಸು.

ಅವಳು ಒಪ್ಪುವುದಿಲ್ಲ, ಗೊತ್ತು. ಒಪ್ಪಿಸಲು ನನ್ನ ಹತ್ತಿರ ಒಂದು ಸಾಕ್ಷಿ ಇದೆ. ನೀನು ಹೊಟ್ಟೆಯಲ್ಲಿದ್ದಾಗಿನ ಅವಳ ತಾಯಿ ಕಾರ್ಡು ನನ್ನ ಟ್ರಂಕಿನಲ್ಲಿ ಸಿಕ್ಕಿತು. ಬಸುರಿಯರ ಎತ್ತರ ಅಳೆದು ಬರೆಯುವುದು ನಮ್ಮ ರೂಢಿ. ನನ್ನದೇ ಕೈಬರಹ, ನೀಲಿ ಶಾಯಿ: ಎತ್ತರ 152 ಸೆಂಟಿಮೀಟರ್. ಮೊನ್ನೆ ಅವಳು ಬಾಗಿಲ ಪಟ್ಟಿಗೆ ಒರಗಿ ನಿಂತು ಹೂವಿನವಳ ಜೊತೆ ಚೌಕಾಸಿ ಮಾಡುತ್ತಿದ್ದಾಗ ನೆತ್ತಿಯ ನೇರಕ್ಕೆ ಉಗುರಿನಿಂದ ಗೀಟು ಹಾಕಿಟ್ಟೆ. ಅವಳು ಒಳಗೆ ಹೋದ ಮೇಲೆ ಟೇಪು ಹಿಡಿದು ನೋಡಿದೆ. 147 ಇತ್ತು.